ಕಾಲಜ್ಞಾನದ ಓದು ಮತ್ತು ಕಾನೂನಿನ ಓದು: ದೀನ್‌ದಾರ್ ಅಂಜುಮನ್ ಪ್ರಕರಣದ ಜಾನಪದೀಯ ವಿವೇಚನೆ

ಬಂಗಾರಪೇಟೆ, ಮುಳಬಾಗಿಲು ಮತ್ತು ಕೋಲಾರ ಚಿನ್ನದ ಗಣಿಯ ಸೀಮೆ ಮೂರು ಭಾಷೆಗಳು ಕೂಡುವ ನೆಲ. ಕಚೇರಿ ಮತ್ತು ಶಾಲೆಗಳಲ್ಲಿ ಕನ್ನಡ, ಹಳ್ಳಿಗಳ ಮನೆಮಾತಾಗಿ ಬಹುಮಟ್ಟಿಗೆ ತೆಲುಗು, ಗಣಿಯ ಕಾಲೋನಿಗಳಲ್ಲಿ ತಮಿಳು. ಇಂತಹ ನೆಲದಲ್ಲಿ ಭಾಷೆಯ ಗಡಿಯನ್ನು ಲೆಕ್ಕಿಸದೆ ಸಂಚರಿಸಿದ ಮೌಖಿಕ ಪ್ರಕಾರಗಳಲ್ಲಿ ಕಾಲಜ್ಞಾನವೂ ಒಂದು. ಕಡಪ ಸೀಮೆಯ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಯ ಹೆಸರಿನ ಕಾಲಜ್ಞಾನ ಒಂದು ಕಡೆಯಿಂದ ಇಲ್ಲಿಗೆ ಹರಿದುಬಂದರೆ, 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆಗಾರ ವೃತ್ತಿಯಿಂದ ಯೋಗಿಯಾದ ನಾರೇಯಣ ತಾತಯ್ಯನೂ ಒಂದು ಕಾಲಜ್ಞಾನವನ್ನು ರಚಿಸಿದನು. ಪರಂಪರೆಯು ಅವನ ಜೀವಿತಕಾಲವನ್ನು 1726ರಿಂದ 1836ರವರೆಗೆ ಎಂದು ಹೇಳುತ್ತದೆ. ಮಳೆ ತಪ್ಪಿದಾಗ, ಆಳುವವರು ಬದಲಾದಾಗ, ಕೇಳರಿಯದ ಘಟನೆಯೊಂದು ನಡೆದಾಗ 'ತಾತಯ್ಯ ಅಂದೇ ಹೇಳಿದ್ದ' ಎನ್ನುವ ಮಾತು ಈ ಸೀಮೆಯಲ್ಲಿ ಗಾದೆಯಷ್ಟೇ ಸಹಜವಾಗಿ ಬರುತ್ತದೆ.

ಕಾಲಜ್ಞಾನವೆಂದರೆ ಬರಲಿರುವ ಕಾಲವನ್ನು ಕುರಿತ ನುಡಿ. ಅದರ ರಚನೆಯನ್ನು ಪರಿಶೀಲಿಸಿದರೆ ಕೆಲವು ಸಾಮಾನ್ಯ ಲಕ್ಷಣಗಳು ಗೋಚರಿಸುತ್ತವೆ. ಕ್ರಿಯಾಪದವೆಲ್ಲ ಭವಿಷ್ಯತ್ತಿನದು. ಹೇಳುವ ಸಂಗತಿಗಳೆಲ್ಲ ಲೋಕದ ರೂಢಿ ತಲೆಕೆಳಗಾಗುವಂಥವು. ಕೆಡುಕು ತುಂಬಿದ ಮೇಲೆ ಒಬ್ಬ ಪುರುಷನು ಮರಳಿ ಬಂದು ಧರ್ಮವನ್ನು ನಿಲ್ಲಿಸುತ್ತಾನೆ ಎಂಬ ಆಶಯ ಕೊನೆಗೆ ಬರುತ್ತದೆ. ತೆಲುಗು ಪರಂಪರೆಯಲ್ಲಿ ವೀರಬ್ರಹ್ಮೇಂದ್ರ ಸ್ವಾಮಿಯೇ ವೀರಭೋಗ ವಸಂತರಾಯನಾಗಿ ಮರಳುತ್ತಾನೆ. ಕನ್ನಡದ ಶರಣ ಪರಂಪರೆಯ ಕಾಲಜ್ಞಾನಗಳಲ್ಲಿಯೂ ವೀರವಸಂತರಾಯನ ಹೆಸರು ಬರುತ್ತದೆ. ಹಾಳಾದ ಕಲ್ಯಾಣ ಮತ್ತೆ ನೆಲೆಗೊಳ್ಳುವುದು, ಚೆನ್ನಬಸವಣ್ಣ ಮರಳಿ ಬರುವುದು ಎಂಬ ನಿರೀಕ್ಷೆ ಅದರೊಡನೆ ಹೆಣೆದುಕೊಂಡಿದೆ. ವಿದ್ಯಾರಣ್ಯರ ಹೆಸರಿನಲ್ಲಿಯೂ ಕಾಲಜ್ಞಾನಗಳಿವೆ. 16ನೆಯ ಶತಮಾನದ ಕೊನೆಗೆ ವಿರೂಪಾಕ್ಷ ಪಂಡಿತನು ರಚಿಸಿದ 'ಚೆನ್ನಬಸವ ಪುರಾಣ'ವು ಈ ಭವಿಷ್ಯವಾಣಿಯ ಧಾಟಿಯನ್ನು ಶಿಷ್ಟ ಕಾವ್ಯದೊಳಗೂ ತಂದಿತು.

ಈ ಪ್ರಕಾರ ಯಾವುದೇ ಒಂದು ಮತದ ಸ್ವತ್ತಾಗಿ ಉಳಿದುದಲ್ಲ. ವೀರಬ್ರಹ್ಮೇಂದ್ರರ ಶಿಷ್ಯರಲ್ಲಿ ಹೆಸರಾದ ಸಿದ್ಧಯ್ಯನು ಹತ್ತಿ ಎಕ್ಕುವ ದೂದೇಕುಲದವನು, ಹುಟ್ಟಿನಿಂದ ಮುಸ್ಲಿಮನು. ಕನ್ನಡದ ನೆಲದಲ್ಲಿ ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲ ಬಸವಣ್ಣನ ಪರಂಪರೆಯು ಶರಣಮಾರ್ಗ ಹಾಗೂ ಸೂಫಿ ಮಾರ್ಗಗಳೆರಡರ ಕುರುಹುಗಳನ್ನೂ ಒಟ್ಟಿಗೆ ಧರಿಸಿದೆ. ಕಾಲಜ್ಞಾನವೇ ಆ ಪರಂಪರೆಯ ಮುಖ್ಯ ಸಾಹಿತ್ಯ. ಅದೇ ಸೀಮೆಯ ಕೃಷ್ಣಾತೀರದ ತಿಂಥಿಣಿಯಲ್ಲಿ ಮೋನಪ್ಪಯ್ಯನನ್ನು ಹಿಂದೂಗಳೂ ಮುಸ್ಲಿಮರೂ ತಮ್ಮವನೆಂದೇ ನಡೆದುಕೊಳ್ಳುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಮೊಹರಂ 'ಬಾಬಯ್ಯನ ಹಬ್ಬ'ವಾಗಿದೆ. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹರಕೆ ಹೊರುವವರ ಮತವನ್ನು ಕೇಳುವ ವಾಡಿಕೆಯಿಲ್ಲ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಕೃತಿಯು ಇಂತಹ ನೆಲೆಗಳ ವ್ಯಾಪ್ತಿಯನ್ನು ವಿದ್ವತ್ ಲೋಕದ ಗಮನಕ್ಕೆ ತಂದಿದೆ. ಇವನ್ನೆಲ್ಲ 'ಸೌಹಾರ್ದ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವ ಅಭ್ಯಾಸ ಬೆಳೆದಿದೆ. ಅದು ಸಾಲದು. ಇದೇ ಸೀಮೆಯಲ್ಲಿ, ಇದೇ ಕಾಲಜ್ಞಾನವನ್ನು ಆಧರಿಸಿ ಹುಟ್ಟಿದ ಇನ್ನೊಂದು ಚಳವಳಿಯ ಹೆಸರು 2000ದಲ್ಲಿ ಚರ್ಚುಗಳ ಮೇಲಿನ ಬಾಂಬ್ ದಾಳಿಯೊಡನೆ ಸೇರಿಕೊಂಡಿತು. ಅದೇ ದೀನ್‌ದಾರ್ ಅಂಜುಮನ್.

ಇದರ ಸ್ಥಾಪಕ ಸಿದ್ದೀಕ್ ಹುಸೇನ್ 1886ರಲ್ಲಿ ಗುರುಮಠಕಲ್ ಸೀಮೆಯಲ್ಲಿ ಹುಟ್ಟಿದವನು. ಅಂದು ನಿಜಾಮನ ರಾಜ್ಯದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಆ ಪ್ರದೇಶ ಇಂದು ಕೊಡೇಕಲ್ಲು ಮತ್ತು ತಿಂಥಿಣಿಗಳಿರುವ ಯಾದಗಿರಿ ಜಿಲ್ಲೆಯಲ್ಲಿಯೇ ಇದೆ. ಕೆಲಕಾಲ ಅಹಮದೀಯ ಪಂಥದ ಸಂಪರ್ಕದಲ್ಲಿದ್ದ ಅವನು 1924ರಲ್ಲಿ ಗದಗಿನಲ್ಲಿ, ಲಿಂಗಾಯತರು ನಿರೀಕ್ಷಿಸುತ್ತಿರುವ ಚೆನ್ನಬಸವೇಶ್ವರನು ತಾನೇ ಎಂದು ಘೋಷಿಸಿಕೊಂಡನು. ತನ್ನ ಹೆಸರಿನೊಡನೆ 'ದೀನ್‌ದಾರ್ ಚೆನ್ನಬಸವೇಶ್ವರ' ಎಂಬುದನ್ನು ಸೇರಿಸಿಕೊಂಡನು. ಕಾಲಜ್ಞಾನದ ನುಡಿಗಳನ್ನು, ಅವುಗಳಲ್ಲಿ ಬರುವ ಲಕ್ಷಣಗಳನ್ನು ತನಗೆ ಅನ್ವಯಿಸಿ ವಾದಿಸಿದನು. ಹಿಂದೂ ಗ್ರಂಥಗಳು ಹೇಳುವ ಜಗದ್ಗುರು ಪ್ರವಾದಿ ಮುಹಮ್ಮದರೇ ಎಂಬುದು ಅವನ ಪ್ರತಿಪಾದನೆಯಾಗಿತ್ತು. ಲಿಂಗಾಯತ ವಲಯದಿಂದ ಪ್ರಬಲ ವಿರೋಧ ಬಂದಿತು. ಮುಂದೆ ಹೈದರಾಬಾದಿನ ಆಸಿಫ್‌ನಗರ ಸಂಸ್ಥೆಯ ಕೇಂದ್ರವಾಯಿತು. 1952ರಲ್ಲಿ ಅವನು ತೀರಿಕೊಂಡನು.

ಕೊಡೇಕಲ್ಲ ಬಸವಣ್ಣನ ಪರಂಪರೆಗೂ ಸಿದ್ದೀಕ್ ಹುಸೇನನ ಚಳವಳಿಗೂ ಹೊರನೋಟಕ್ಕೆ ಹೋಲಿಕೆಯಿದೆ. ಎರಡೂ ಎರಡು ಮತಗಳ ಪರಿಭಾಷೆಯನ್ನು ಬೆಸೆಯುತ್ತವೆ. ಎರಡೂ ಕಾಲಜ್ಞಾನವನ್ನು ಪ್ರಮಾಣವಾಗಿ ಹಿಡಿಯುತ್ತವೆ. ಆದರೆ ಪಠ್ಯವನ್ನು ಬಳಸುವ ರೀತಿಯಲ್ಲಿ ಮೂಲಭೂತ ವ್ಯತ್ಯಾಸವಿದೆ. ಜನಪದರ ಬಾಯಲ್ಲಿ ಕಾಲಜ್ಞಾನವು ತೆರೆದ ಪಠ್ಯ. ಬರುವವನು ಯಾರು, ಎಂದು, ಯಾವ ಕುಲದಲ್ಲಿ ಎಂಬ ಸ್ಥಾನಗಳು ಅದರಲ್ಲಿ ಖಾಲಿಯಾಗಿಯೇ ಇರುತ್ತವೆ ಅಥವಾ ಎಷ್ಟು ಅರ್ಥಕ್ಕಾದರೂ ಒಗ್ಗುವ ಒಗಟಿನ ರೂಪದಲ್ಲಿರುತ್ತವೆ. ಪ್ರತಿಯೊಂದು ತಲೆಮಾರೂ ತನ್ನ ಕಾಲದ ಬರಗಾಲ, ಯುದ್ಧ, ರೈಲುಗಳನ್ನು ಅಲ್ಲಿಟ್ಟು ನೋಡುತ್ತದೆ. ಮುಂದಿನ ತಲೆಮಾರು ಅವನ್ನು ತೆಗೆದು ಬೇರೆಯದನ್ನು ಇಡುತ್ತದೆ. ಸಿದ್ದೀಕ್ ಹುಸೇನನು ಆ ಖಾಲಿ ಸ್ಥಾನದಲ್ಲಿ ತನ್ನ ಹೆಸರನ್ನೇ ಬರೆದು ಪಠ್ಯವನ್ನು ಮುಚ್ಚಿದನು. ಕೊಡೇಕಲ್ಲಿಗೆ ಬರುವ ಭಕ್ತನು ತನ್ನ ಮನೆದೇವರನ್ನು ಬಿಟ್ಟು ಬರಬೇಕಾಗಿಲ್ಲ. ಇಲ್ಲಿಯಾದರೋ, ನಿಮ್ಮ ಗುರು ಬಂದಾಗಿದೆ, ಅವನು ಇಸ್ಲಾಮಿನ ಕಡೆಗೆ ಕರೆಯುತ್ತಿದ್ದಾನೆ, ಆದುದರಿಂದ ನೀವು ಬರಲೇಬೇಕು ಎಂಬ ತರ್ಕವಿತ್ತು. ಈ ಚಳವಳಿಯನ್ನು ಅಧ್ಯಯನ ಮಾಡಿದ ಯೋಗಿಂದರ್ ಸಿಕಂದ್ ಅವರು ಇದನ್ನು ಸಂವಾದ ಮತ್ತು ಸಂಘರ್ಷಗಳ ನಡುವಿನದೆಂದು ಗುರುತಿಸಿರುವುದು ಉಚಿತವಾಗಿದೆ. ಸರ್ವಧರ್ಮ ಸಮ್ಮೇಳನಗಳನ್ನು ನಡೆಸಿದ್ದೂ ಇದೇ ಸಂಸ್ಥೆ. ಸ್ಥಾಪಕನ ಬರಹಗಳಲ್ಲಿ ಜಿಹಾದಿನ ಭಾಷೆ ಸೇರಿದ್ದೂ ಇದೇ ಸಂಸ್ಥೆಯಲ್ಲಿ.

ಇಷ್ಟು ಹೇಳಿದ ಮಾತ್ರಕ್ಕೆ 1924ರ ಘೋಷಣೆಯಿಂದ 2000ದ ಬಾಂಬುಗಳಿಗೆ ನೇರ ದಾರಿಯಿದೆಯೆಂದು ಭಾವಿಸಬಾರದು. ತಾನೇ ಅವತಾರವೆಂದು ಹೇಳಿಕೊಂಡವರು ಈ ದೇಶದಲ್ಲಿ ನೂರಾರು ಮಂದಿ. ಅವರ ಅನುಯಾಯಿಗಳಲ್ಲಿ ಬಹುಪಾಲು ಜನ ಹೊಲ, ಅಂಗಡಿ, ಸಂಸಾರಗಳಲ್ಲಿ ತಮ್ಮ ಪಾಡಿಗೆ ತಾವಿದ್ದವರು. ಮುಚ್ಚಿದ ಪಠ್ಯವು ಹಿಂಸೆಯನ್ನು ಅನಿವಾರ್ಯವಾಗಿಸುವುದಿಲ್ಲ. ಆದರೆ ಕಾಯುವುದನ್ನು ಬಿಟ್ಟು, ಹೇಳಿದ್ದನ್ನು ತಾವೇ ನಡೆಸಿ ತೋರಿಸಬೇಕೆಂಬ ಆತುರಕ್ಕೆ ಅದು ಎಡೆಗೊಡುತ್ತದೆ. ಮತೀಯ ಉಗ್ರವಾದದ ಮನೋಧರ್ಮ ಹುಟ್ಟುವುದು ಈ ಆತುರದಲ್ಲಿ.

2000ದ ಮೇ ತಿಂಗಳಿನಿಂದ ಜುಲೈವರೆಗೆ ಆಂಧ್ರಪ್ರದೇಶ, ಗೋವಾ ಮತ್ತು ಕರ್ನಾಟಕಗಳಲ್ಲಿ ಕ್ರೈಸ್ತರ ಪ್ರಾರ್ಥನಾ ಸ್ಥಳಗಳನ್ನು ಗುರಿಯಾಗಿಸಿಕೊಂಡು ಸ್ಫೋಟಗಳು ನಡೆದವು. ಕರ್ನಾಟಕದಲ್ಲಿ ಜೂನ್ 8ರಂದು ಗುಲ್ಬರ್ಗಾ ಜಿಲ್ಲೆಯ ವಾಡಿಯ ಚರ್ಚು, ಜುಲೈ 8ರಂದು ಹುಬ್ಬಳ್ಳಿಯ ಲೂಥರನ್ ಚರ್ಚು, ಮರುದಿನ ಬೆಂಗಳೂರಿನ ಜಗಜೀವನರಾಮ ನಗರದ ಸೇಂಟ್ ಪೀಟರ್ ಅಂಡ್ ಪಾಲ್ ಚರ್ಚು ದಾಳಿಗೊಳಗಾದವು. ಅದೇ ಜುಲೈ 9ರ ರಾತ್ರಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಮಾರುತಿ ವ್ಯಾನೊಂದು ಸ್ಫೋಟಗೊಂಡು ಅದರಲ್ಲಿದ್ದ ಇಬ್ಬರು ಸತ್ತರು, ಒಬ್ಬನು ಗಾಯಗೊಂಡನು. ಸಾಗಿಸುತ್ತಿದ್ದ ಬಾಂಬೇ ಸಿಡಿದಿತ್ತು. ಅವರು ದೀನ್‌ದಾರ್ ಅಂಜುಮನ್‌ಗೆ ಸೇರಿದವರೆಂಬ ಸುಳಿವಿನಿಂದ ತನಿಖೆಯು ತಿರುವು ಪಡೆಯಿತು. ಪಾಕಿಸ್ತಾನದಲ್ಲಿ ನೆಲೆಸಿದ್ದ ಸ್ಥಾಪಕನ ಮಗನ ಪ್ರೇರಣೆಯಿಂದ, ಹಿಂದೂಗಳಿಗೂ ಕ್ರೈಸ್ತರಿಗೂ ವೈರ ಹುಟ್ಟಿಸುವ ಉದ್ದೇಶದಿಂದ ಈ ಕೃತ್ಯಗಳು ನಡೆದವೆಂಬುದು ತನಿಖೆ ನಡೆಸಿದವರ ನಿಲುವು. ಸಂಸ್ಥೆಯ ಮುಖಂಡರು ಸಂಸ್ಥೆಗೆ ಇದರಲ್ಲಿ ಪಾತ್ರವಿಲ್ಲವೆಂದು ನಿರಾಕರಿಸಿದರು.

ವ್ಯಾನಿನ ಸ್ಫೋಟಕ್ಕೆ ಮುಂಚಿನ ವಾರಗಳು ವಿಶೇಷವಾಗಿ ಗಮನಿಸತಕ್ಕವು. ಸಾಕ್ಷ್ಯ ಇನ್ನೂ ಕೈಗೆ ಸಿಗದಿದ್ದಾಗ ರಾಜಕೀಯ ವಲಯದ ಊಹೆಗಳು ಎರಡು ದಿಕ್ಕಿಗೆ ಹರಿದಿದ್ದವು. ಕೆಲವರು ಹಿಂದೂ ಸಂಘಟನೆಗಳನ್ನು ಬೊಟ್ಟುಮಾಡಿದರು, ಕೆಲವರು ವಿದೇಶಿ ಕೈವಾಡವೆಂದರು. ವೈರ ಹುಟ್ಟಿಸುವುದೇ ಉದ್ದೇಶವಾಗಿದ್ದ ಪಕ್ಷದಲ್ಲಿ ಬಾಂಬಿನ ಕೆಲಸವನ್ನು ಮುಂದುವರಿಸಿದ್ದು ಈ ಊಹೆಗಳೇ. ಇನ್ನೊಂದು ವಿಪರ್ಯಾಸವೂ ಇದೆ. ಅವತಾರದ ಘೋಷಣೆ ಹಾಗೂ ಅಹಮದೀಯ ನಂಟಿನ ಕಾರಣದಿಂದ ಅನೇಕ ಮುಸ್ಲಿಂ ಧರ್ಮಪಂಡಿತರು ದೀನ್‌ದಾರರನ್ನು ತಮ್ಮ ಮತದ ಹೊರಗಿನವರೆಂದೇ ಬಹುಕಾಲದಿಂದ ಪರಿಗಣಿಸುತ್ತ ಬಂದಿದ್ದರು. ಒಂದು ಮತದ ಹೆಸರು ಪತ್ರಿಕೆಯ ತಲೆಬರಹಕ್ಕೆ ಬಂದಾಗ ಇಂತಹ ಭೇದಗಳು ಓದುಗರ ಕಣ್ಣಿಗೆ ಬೀಳುವುದಿಲ್ಲ.

ಕೆಲವರ ಕೃತ್ಯಕ್ಕೆ ಇಡೀ ಸಮೂಹವನ್ನು ಶಂಕಿತರ ಪಟ್ಟಿಗೆ ಸೇರಿಸುವುದು ಈ ನಾಡಿಗೆ ಹೊಸದಲ್ಲ. ಇದನ್ನು ಅರಿಯಲು ಮತ್ತೆ ಕೋಲಾರದ ಗಣಿಗಳಿಗೇ ಬರಬೇಕು. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಮುಂತಾದ ಕಡೆಗಳಿಂದ ಬಂದ ದಲಿತರು. ಚಿನ್ನದ ಕಳವಿನ ಶಂಕೆ ಅವರ ಮೇಲೆ ಸದಾ ಇತ್ತು. ಪಾಳಿ ಮುಗಿಸಿ ಮೇಲೆ ಬಂದವನು ಮೈತಪಾಸಣೆಗೆ ನಿಲ್ಲಬೇಕಾಗಿತ್ತು. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಜಾರಿಗೆ ಬಂದಾಗ ಗಣಿಗಳಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ಆಗ ಅಲ್ಲಿ ಸಂಘಟಿತ ಕಾರ್ಮಿಕ ಸಂಘವೇ ಇರಲಿಲ್ಲ. ಬೆರಳೊತ್ತುವುದು ಅಪರಾಧಿಯ ಗುರುತು, ತಾವು ಅಪರಾಧಿಗಳಲ್ಲ ಎಂಬ ಒಂದೇ ಮಾತು ಸಾವಿರಾರು ಜನರನ್ನು ಸುರಂಗದಿಂದ ಹೊರಗೆ ನಿಲ್ಲಿಸಿತು. ಕೊನೆಗೆ ಬೆರಳಚ್ಚಿನ ಕ್ರಮವನ್ನು ಕೈಬಿಡಬೇಕಾಯಿತು. ಕಳವು ನಡೆಯುತ್ತಲೇ ಇರಲಿಲ್ಲವೆಂದು ಯಾರೂ ವಾದಿಸಲಿಲ್ಲ. ಕದ್ದವನನ್ನು ಹಿಡಿಯುವುದಕ್ಕೂ ದುಡಿಯುವವರೆಲ್ಲರನ್ನೂ ಗುರುತು ಹಾಕಿಡುವುದಕ್ಕೂ ಇರುವ ಅಂತರವನ್ನು ಆ ಕಾರ್ಮಿಕರು ಕಂಡಿದ್ದರು. ಇದೇ ಕಾಲದಲ್ಲಿ ಹುಬ್ಬಳ್ಳಿ ಹಾಗೂ ಗದಗುಗಳ 'ಸೆಟ್ಲ್‌ಮೆಂಟು'ಗಳಲ್ಲಿ ಅಲೆಮಾರಿ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ತಂತಿಬೇಲಿಯೊಳಗೆ ಇರಿಸಲಾಗಿತ್ತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಅದು ಅಂಟಿಸಿದ ಹೆಸರು ಅಷ್ಟು ಬೇಗ ಹೋಗಲಿಲ್ಲವೆಂಬುದನ್ನು ಆ ಸಮುದಾಯಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು.

ಈ ಹಿನ್ನೆಲೆಯಲ್ಲಿ ಚರ್ಚ್ ಸ್ಫೋಟಗಳಿಗೆ ರಾಷ್ಟ್ರವು ಪ್ರತಿಕ್ರಿಯಿಸಿದ ಬಗೆಯನ್ನು ಪರಿಶೀಲಿಸಬೇಕು. ಪ್ರತಿಕ್ರಿಯೆ ಎರಡು ದಾರಿಗಳಲ್ಲಿ ಸಾಗಿತು. ಒಂದು ನ್ಯಾಯಾಲಯದ್ದು. ಬೆಂಗಳೂರಿನ ವಿಶೇಷ ನ್ಯಾಯಾಲಯವು 2008ರ ನವೆಂಬರ್‌ನಲ್ಲಿ 23 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ 11 ಜನರಿಗೆ ಮರಣದಂಡನೆಯನ್ನೂ 12 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. 2014ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಘಟನೆಯಿಂದ ಮೊದಲ ತೀರ್ಪಿಗೆ ಎಂಟು ವರ್ಷ, ಅಲ್ಲಿಂದ ಮೇಲ್ಮನವಿಯ ತೀರ್ಪಿಗೆ ಮತ್ತೆ ಆರು ವರ್ಷ. ಈ ವಿಳಂಬವು ಪ್ರಾರ್ಥನೆಗೆ ಹೋಗಿ ಬಾಂಬಿನ ಸದ್ದು ಕೇಳಿದವರಿಗೂ, ತೀರ್ಪಿಗಾಗಿ ಸೆರೆಮನೆಯಲ್ಲಿ ಕಾದವರಿಗೂ ಸಮಾನವಾಗಿ ಅನ್ಯಾಯವೇ ಸರಿ. ಆದರೂ ಈ ದಾರಿಯಲ್ಲಿ ಒಬ್ಬೊಬ್ಬನ ಕೃತ್ಯವನ್ನು ಬೇರೆಬೇರೆಯಾಗಿ ತೂಗಲಾಗುತ್ತದೆ. ಕೆಳಗಿನ ತೂಕವನ್ನು ಮೇಲಿನವರು ಮತ್ತೆ ನೋಡುತ್ತಾರೆ.

ಇನ್ನೊಂದು ದಾರಿ ಸರ್ಕಾರದ್ದು, ಅಂದರೆ ನಿಷೇಧದ್ದು. ಇದರಲ್ಲಿಯೂ ಎರಡು ಬಗೆಗಳಿವೆ. ವಿದ್ವತ್ ಬರಹಗಳಲ್ಲಿಯೂ ಇವು ಬೆರೆತುಹೋಗುವುದುಂಟು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, 1967ರ ಅಡಿಯಲ್ಲಿ ಕೇಂದ್ರ ಸರ್ಕಾರವು ಒಂದು ಸಂಸ್ಥೆಯನ್ನು ಕಾನೂನುಬಾಹಿರವೆಂದು ಘೋಷಿಸಿದರೆ, ಆ ಅಧಿಸೂಚನೆಯನ್ನು 30 ದಿನಗಳೊಳಗೆ ಹೈಕೋರ್ಟಿನ ನ್ಯಾಯಾಧೀಶರೊಬ್ಬರ ನ್ಯಾಯಮಂಡಳಿಗೆ ಒಪ್ಪಿಸಬೇಕು. ಸಂಸ್ಥೆಗೆ ತನ್ನ ಮಾತು ಹೇಳಲು ಅವಕಾಶವಿರುತ್ತದೆ. ಮಂಡಳಿ ಆರು ತಿಂಗಳಲ್ಲಿ ತೀರ್ಮಾನಿಸಬೇಕು. ನಿಷೇಧಕ್ಕೆ ಅವಧಿಯೂ ಇದೆ. ಆಗ ಅದು ಎರಡು ವರ್ಷವಾಗಿತ್ತು, 2013ರಿಂದ ಐದು ವರ್ಷವಾಗಿದೆ. ದೀನ್‌ದಾರ್ ಅಂಜುಮನ್ ಮೇಲೆ 2001ರ ಏಪ್ರಿಲ್‌ನಲ್ಲಿ ಹೇರಿದ ನಿಷೇಧ ಈ ಬಗೆಯದು. (ಅದಕ್ಕೆ ಎರಡು ತಿಂಗಳ ಹಿಂದೆ, ಫೆಬ್ರವರಿ 28ರಂದು, ಕೋಲಾರದ ಗಣಿಗಳೂ ಮುಚ್ಚಿದ್ದವು.) ಎರಡನೆಯ ಬಗೆ ಭಯೋತ್ಪಾದಕ ಸಂಘಟನೆಗಳ ಅನುಸೂಚಿ. 2002ರ ಪೋಟಾ ಕಾಯ್ದೆಯಲ್ಲಿದ್ದ ಈ ಪಟ್ಟಿಯು 2004ರಲ್ಲಿ ಆ ಕಾಯ್ದೆ ರದ್ದಾದ ಬಳಿಕ 1967ರ ಕಾಯ್ದೆಗೆ ಸೇರಿತು. ದೀನ್‌ದಾರ್ ಅಂಜುಮನ್ ಹೆಸರೂ ಅದರೊಡನೆ ಬಂದಿತು. ಈ ಪಟ್ಟಿಗೆ ಸೇರಿಸಲು ನ್ಯಾಯಮಂಡಳಿಯ ಪರಿಶೀಲನೆ ಬೇಕಿಲ್ಲ, ಅವಧಿಯ ಮಿತಿಯೂ ಇಲ್ಲ. ಹೆಸರು ತೆಗೆಯಬೇಕೆನ್ನುವವರು ಸರ್ಕಾರಕ್ಕೇ ಅರ್ಜಿ ಸಲ್ಲಿಸಿ, ಅದು ತಿರಸ್ಕೃತವಾದರೆ ಪುನರ್ವಿಮರ್ಶಾ ಸಮಿತಿಯ ಮುಂದೆ ಹೋಗಬೇಕು.

ನಿಷೇಧಿತ ಸಂಸ್ಥೆಯ ಸದಸ್ಯನಾಗಿರುವುದಷ್ಟೇ ಅಪರಾಧವೇ ಎಂಬ ಪ್ರಶ್ನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ನಿಲುವೇ ಬದಲಾಗಿದೆ. ಅಸ್ಸಾಮಿನಿಂದ ಬಂದ ಪ್ರಕರಣದಲ್ಲಿ 2011ರಲ್ಲಿ ಇಬ್ಬರು ನ್ಯಾಯಾಧೀಶರ ಪೀಠವು, ಹಿಂಸೆಯಲ್ಲಿ ತೊಡಗದ ಅಥವಾ ಹಿಂಸೆಗೆ ಪ್ರಚೋದಿಸದ ಬರಿಯ ಸದಸ್ಯತ್ವ ಅಪರಾಧವಲ್ಲವೆಂದು ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠವು ಆ ತೀರ್ಪು ಸರಿಯಲ್ಲವೆಂದು, ನಿಷೇಧಿತ ಸಂಸ್ಥೆಯ ಸದಸ್ಯನಾಗಿ ಮುಂದುವರಿಯುವುದೇ ಶಿಕ್ಷಾರ್ಹವೆಂದು ತೀರ್ಮಾನಿಸಿತು. ನಿಷೇಧದ ವಿಷಯ ತಿಳಿದ ಮೇಲೂ ಹೊರಬರದವನು ತಾನೇ ಆಯ್ದುಕೊಂಡಿದ್ದಾನೆಂಬ ತರ್ಕದಲ್ಲಿ ಬಲವಿದೆ. ಕಾರ್ಯಸಮಿತಿ, ಚಂದಾ, ರಸೀತಿ ಪುಸ್ತಕಗಳಿರುವ ಸಂಘಟನೆಗೆ ಅದು ಹೊಂದುತ್ತದೆ. ಆದರೆ ಭಕ್ತಿಪಂಥದಲ್ಲಿ ಸದಸ್ಯತ್ವವೆಂಬುದು ಬಹುಮಟ್ಟಿಗೆ ಹುಟ್ಟಿನಿಂದ, ಮದುವೆಯಿಂದ, ಅಜ್ಜನು ಪಡೆದ ದೀಕ್ಷೆಯಿಂದ ಬಂದದ್ದು. ಅಂಥವನು ಯಾವ ಪತ್ರಕ್ಕೆ ಸಹಿ ಹಾಕಿ ಹೊರಬರಬೇಕು? ಜಾನಪದ ವಿದ್ವಾಂಸರು ಕಾನೂನು ತಜ್ಞರ ಮುಂದಿಡಬೇಕಾದ ಪ್ರಶ್ನೆಯಿದು. ಪಂಥ ಮತ್ತು ಸಂಘಟನೆಗಳ ನಡುವಣ ಗೆರೆಯನ್ನು ಕ್ಷೇತ್ರದಲ್ಲಿ ಕಂಡವರು ಅವರೇ.

ನ್ಯಾಯಯುತ ಪ್ರತಿಕ್ರಿಯೆಗೆ ಇನ್ನೊಂದು ಒರೆಗಲ್ಲೂ ಇದೆ: ದಾಳಿ ಮಾಡಿದವರ ಮತ ಬೇರೆಯಾದಾಗಲೂ ಅಳತೆಗೋಲು ಒಂದೇ ಆಗಿರುತ್ತದೆಯೇ ಎಂಬುದು. ದೀನ್‌ದಾರ್ ಪ್ರಕರಣದ ತೀರ್ಪಿಗೆ ಎರಡು ತಿಂಗಳ ಮುಂಚೆ, 2008ರ ಸೆಪ್ಟೆಂಬರ್‌ನಲ್ಲಿ, ಮಂಗಳೂರು, ಉಡುಪಿ, ಚಿಕ್ಕಮಗಳೂರು ಮೊದಲಾದ ಕಡೆ ಚರ್ಚುಗಳ ಮೇಲೆ ಸರಣಿ ದಾಳಿಗಳು ನಡೆದವು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಅಂತಿಮ ವರದಿ ನೀಡಿತು. ಅದು ತನ್ನ ಮಧ್ಯಂತರ ವರದಿಗಿಂತ ಭಿನ್ನವಾಗಿ ಸಂಘಟನೆಗಳನ್ನು ಹೊಣೆಯಿಂದ ಬಿಡಿಸಿದೆಯೆಂದು ಕ್ರೈಸ್ತ ಸಂಸ್ಥೆಗಳು ತಿರಸ್ಕರಿಸಿದವು. ಬಾಂಬಿನ ಸಂಚು ಮತ್ತು ಗುಂಪಿನ ದಾಳಿ ಕಾನೂನಿನ ದೃಷ್ಟಿಯಲ್ಲಿ ಬೇರೆಬೇರೆ ಅಪರಾಧಗಳೆಂಬುದು ನಿಜ. ಒಡೆದ ಚರ್ಚಿನ ಮುಂದೆ ನಿಂತ ಭಕ್ತನಿಗೆ ಮಾತ್ರ ಒಂದರಲ್ಲಿ ಶಿಕ್ಷೆಯೂ ಇನ್ನೊಂದರಲ್ಲಿ ವರದಿಯೂ ದೊರೆತಂತಾಯಿತು.

ಇದೆಲ್ಲದರ ಪರಿಣಾಮ ಗ್ರಂಥಾಲಯಗಳನ್ನೂ ಮುಟ್ಟುತ್ತದೆ. ಸಿದ್ದೀಕ್ ಹುಸೇನನ ಬರಹಗಳು ಒಂದು ದೃಷ್ಟಿಯಿಂದ ನಿಷೇಧಿತ ಸಂಸ್ಥೆಯ ಸಾಹಿತ್ಯ. ಇನ್ನೊಂದು ದೃಷ್ಟಿಯಿಂದ, ಶರಣರ ಕಾಲಜ್ಞಾನವು 20ನೆಯ ಶತಮಾನದ ಆರಂಭದಲ್ಲಿ ಯಾವ ಪಾಠಗಳಲ್ಲಿ ಪ್ರಚಲಿತವಾಗಿತ್ತೆಂಬುದಕ್ಕೆ ಆಧಾರ. ಅವನು ಬಳಸಿಕೊಂಡ ನುಡಿಗಳನ್ನು ಕೊಡೇಕಲ್ಲು ಪರಂಪರೆಯ ಹಸ್ತಪ್ರತಿಗಳೊಡನೆ ಹೋಲಿಸಿ, ಎಲ್ಲಿ ಪಾಠಭೇದವಿದೆ, ಎಲ್ಲಿ ಅರ್ಥವನ್ನು ತಿರುಚಲಾಗಿದೆ ಎಂದು ತೋರಿಸುವುದು ಆ ವಾದಕ್ಕೆ ನೀಡಬಹುದಾದ ಗಟ್ಟಿ ಉತ್ತರ. ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಿದರೆ ಆ ಉತ್ತರಕ್ಕೆ ಆಧಾರವೇ ಇಲ್ಲವಾಗುತ್ತದೆ. ಕೇರಳದ ಇಬ್ಬರು ವಿದ್ಯಾರ್ಥಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್‌ನಲ್ಲಿ, ಭಯೋತ್ಪಾದಕ ಸಂಘಟನೆಯ ಚಟುವಟಿಕೆಯನ್ನು ಮುಂದುವರಿಸುವ ಉದ್ದೇಶ ಕಂಡುಬರದ ಹೊರತು ಬರಿಯ ನಂಟಾಗಲಿ ಬೆಂಬಲವಾಗಲಿ ಆ ಕಾಯ್ದೆಯಡಿ ಅಪರಾಧವಾಗದೆಂದು ಹೇಳಿ ಜಾಮೀನನ್ನು ಎತ್ತಿಹಿಡಿಯಿತು. ಅಲ್ಲಿ ಆರೋಪಕ್ಕೆ ಆಧಾರವಾಗಿದ್ದವುಗಳಲ್ಲಿ ಅವರ ಬಳಿ ದೊರೆತ ಪುಸ್ತಕ, ಕರಪತ್ರಗಳೂ ಇದ್ದವು. ಸಂಶೋಧಕನಿಗೂ ಗ್ರಂಥಪಾಲಕನಿಗೂ ಈ ತೀರ್ಪು ಆಧಾರವಾಗಬಲ್ಲುದು. ಇಂತಹ ಸಾಮಗ್ರಿಯನ್ನು ಸಂಗ್ರಹಿಸುವಾಗ ಎಲ್ಲಿಂದ, ಎಂದು, ಯಾವ ಅಧ್ಯಯನಕ್ಕಾಗಿ ಪಡೆಯಲಾಯಿತು ಎಂಬುದನ್ನು ಪರಿಗ್ರಹಣ ದಾಖಲೆಯಲ್ಲಿ ಬರೆದಿಡುವುದು, ಕೈವಾರದ ಮತ್ತು ಕೊಡೇಕಲ್ಲಿನ ಕಾಲಜ್ಞಾನಗಳ ಜೊತೆಯಲ್ಲಿಯೇ ಅದನ್ನು ವರ್ಗೀಕರಿಸುವುದು ಸದ್ಯಕ್ಕೆ ಆಗಬೇಕಾದ ಕೆಲಸ.